ಟೀ ಬೇಡ ಅಂದಿದ್ದೆ

ನಮ್ಮ ಕಡೆ ಯಾರ ಮನೆಗೆ ಹೋದರೂ ಕಾಫಿ ಕುಡಿಯದೆ ಎದ್ದು ಬರುವ ಹಾಗಿಲ್ಲ. ಬೇಡ ಅಂದರೆ ಮುಖ ಊದಿಸಿಕೊಳ್ಳುತ್ತಾರೆ, ನಮ್ಮನೆ ಕಾಫಿ ನಿನಗೆ ಸೇರಲ್ವೇನೋ ಅನ್ನುತ್ತಾರೆ. ಹದಿನೈದು ವರ್ಷದಿಂದ ಆಶಾ ಕಾರ್ಯಕರ್ತೆಯಾಗಿ ಗೆಂಡೆಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಮನೆ ಮನೆ ಅಲೆಯುತ್ತಿದ್ದೇನೆ. ಬಸುರಿಯರ ಹೆಸರು ಬರೆದುಕೊಳ್ಳುವುದು, ಮಾತ್ರೆ ಕೊಡುವುದು, ಬೇಲೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಹೆರಿಗೆ ಆದಮೇಲೆ ಮಗುವಿನ ತೂಕ ನೋಡುವುದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ನನ್ನ ಮೊಣಕಾಲು ಸವೆದಿದೆ, ಚಪ್ಪಲಿ ಸವೆದಿವೆ, ಬಾಯಂತೂ ಯಾವಾಗಲೋ ಸವೆದುಹೋಗಿದೆ. ಹೇಳಿದ್ದನ್ನೇ ಹೇಳಬೇಕು. ಕೇಳಿದವರು ಹೂಂ ಅನ್ನುತ್ತಾರೆ, ಅವರಿಗೆ ತೋಚಿದ್ದನ್ನು ಮಾಡುತ್ತಾರೆ. ಕೊನೆಗೆ ಕಾಫಿ ಕೊಡುತ್ತಾರೆ.

ನಾನು ಹುಟ್ಟಿದ್ದು ಅರಸೀಕೆರೆಯಲ್ಲಿ, ಈ ಊರಿಗೆ ಬಂದದ್ದು ಮದುವೆಯಾದ ಮೇಲೆ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವರು. ನಮ್ಮ ಮನೆಯಲ್ಲಿ ಕಾಫಿಪುಡಿ ಅನ್ನುವುದೇ ಇರಲಿಲ್ಲ. ಬೆಳಿಗ್ಗೆ ಟೀ, ಊಟ ಆದಮೇಲೆ ಟೀ, ಸಂಜೆ ಮಂಡಿಯಿಂದ ಬಂದ ಅಪ್ಪನಿಗೆ ದೊಡ್ಡ ಲೋಟದಲ್ಲಿ ಟೀ. ಅಮ್ಮ ಊಟಕ್ಕಿಂತ ಟೀ ಕುಡಿದೇ ಬದುಕಿದ್ದಳು. ಯಾವಾಗಲೂ ಸುಸ್ತು ಅನ್ನುತ್ತಿದ್ದಳು, ಉಗುರು ಬಿಳಿಚಿಕೊಂಡಿದ್ದವು, ಕದ್ದು ಕದ್ದು ಹಸಿ ಅಕ್ಕಿ ತಿನ್ನುತ್ತಿದ್ದಳು. ಅದು ರಕ್ತ ಕಮ್ಮಿಯಾದವರ ಲಕ್ಷಣ ಅಂತ ನನಗೆ ಗೊತ್ತಾದದ್ದು ಈ ಕೆಲಸಕ್ಕೆ ಸೇರಿ ತರಬೇತಿಗೆ ಹೋದಾಗ. ಅಲ್ಲಿ ಕಲಿಸುವವರು ಕಬ್ಬಿಣದ ಮಾತ್ರೆಯ ವಿಷಯ ಪಾಠ ಮಾಡುತ್ತಿದ್ದಾಗ ನನ್ನ ಕಣ್ಣ ಮುಂದೆ ಇದ್ದವಳು ಅಮ್ಮ, ಅವಳ ಕೈಯಲ್ಲಿದ್ದ ಟೀ ಲೋಟ. ಮಾತ್ರೆ ಜೊತೆಗೆ, ಊಟದ ಜೊತೆಗೆ ಏನೇನು ಕುಡಿಯಬಾರದು ಅಂತ ಅವರು ಪೂರ್ತಿಯಾಗಿಯೇ ಹೇಳಿರಬೇಕು. ನನ್ನ ತಲೆಯಲ್ಲಿ ಉಳಿದದ್ದು ಟೀ ಒಂದೇ.

ಅಂದಿನಿಂದ ಅದು ನನಗೆ ಬಾಯಿಪಾಠ. ಮಾತ್ರೆ ನುಂಗಿದ ಮೇಲೆ ಟೀ ಕುಡಿಯಬೇಡಿ, ಟೀ ಮುಟ್ಟಲೇಬೇಡಿ. ನಮ್ಮೂರಿನ ಹೆಂಗಸರು ಈ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಯಾಕೆ ಪಾಲಿಸುವುದಿಲ್ಲ? ಇಲ್ಲಿ ಟೀ ಕುಡಿಯುವವರೇ ಇಲ್ಲ. ಒಂದೊಂದು ಮನೆಯ ಹಿತ್ತಿಲಲ್ಲೂ ನಾಲ್ಕು ಕಾಫಿ ಗಿಡ ಇರುತ್ತವೆ, ಅವರೇ ಬೀಜ ಹುರಿದು ಪುಡಿ ಮಾಡಿಸಿ ಬೆಲ್ಲ ಹಾಕಿ ಕಾಯಿಸುತ್ತಾರೆ. ಮಾತ್ರೆ ನುಂಗಿದರೆ ಬಾಯೆಲ್ಲ ತುಕ್ಕು ತುಕ್ಕು, ಹೊಟ್ಟೆ ತೊಳಸುತ್ತದೆ ಅಂತ ಬಸುರಿಯರು ಗೋಳಾಡಿದಾಗ, ಒಂದು ಲೋಟ ಬಿಸಿ ಕಾಫಿ ಕುಡಿ, ಒಳಗಿಳಿಯುತ್ತೆ ಅಂತ ಉಪಾಯ ಹೇಳಿಕೊಟ್ಟವಳು ನಾನೇ. ನನಗೆ ಅದು ಬುದ್ಧಿವಂತಿಕೆಯಾಗಿ ಕಂಡಿತ್ತು.

ಈ ಕಥೆ ನಮ್ಮ ಬೀದಿಯ ಕೊನೆ ಮನೆಯ ಸೊಸೆಯದು. ಹಳೇಬೀಡಿನ ಕಡೆಯ ಹುಡುಗಿ, ಇಪ್ಪತ್ತನಾಲ್ಕು ವರ್ಷ, ಮಾತು ಕಡಿಮೆ. ಮೊದಲ ಹೆರಿಗೆ ತೌರಿನಲ್ಲಿ ಆಗಿತ್ತು. ಮಗು ಹುಟ್ಟಿದ ಮೇಲೆ ರಕ್ತ ನಿಲ್ಲದೆ ಹಾಸನಕ್ಕೆ ಹೊತ್ತುಕೊಂಡು ಹೋಗಿ, ರಕ್ತ ಹಾಕಿಸಿ ಉಳಿಸಿಕೊಂಡಿದ್ದರು. ಎರಡನೆಯದಕ್ಕೆ ಇಲ್ಲೇ ಗಂಡನ ಮನೆಯಲ್ಲಿದ್ದಳು. ನಾಲ್ಕನೇ ತಿಂಗಳಲ್ಲಿ ಬೇಲೂರಿಗೆ ಕರೆದುಕೊಂಡು ಹೋದಾಗ ಅವಳ ರಕ್ತ, ಅಂದರೆ ಹಿಮೋಗ್ಲೋಬಿನ್, ಎಂಟೂಮುಕ್ಕಾಲು ಇತ್ತು. ಹನ್ನೊಂದು ಇರಬೇಕಾದದ್ದು. ಡಾಕ್ಟರಮ್ಮ ಹಳೆಯ ಚೀಟಿಗಳನ್ನೆಲ್ಲ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, ದಿನ ತುಂಬುವಷ್ಟರಲ್ಲಿ ಹತ್ತು ದಾಟಿಸಲೇಬೇಕು ಅಂದರು. ಮತ್ತೆ ಹೋದ ಸಲದ ಹಾಗೆ ರಕ್ತ ಹೋದರೆ ಈ ಮೈ ತಡೆಯುವುದಿಲ್ಲ, ಹಾಸನ ಮುಟ್ಟುವವರೆಗೆ ಜೀವ ಇರುತ್ತದೆ ಅಂತ ಹೇಳುವುದಕ್ಕಾಗುವುದಿಲ್ಲ ಅಂದರು. ಆ ಮಾತು ಕೇಳಿ ನನಗೆ ಆವತ್ತು ಊಟ ಸೇರಲಿಲ್ಲ.

ಮಾತ್ರೆ ಕೊಟ್ಟೆ. ಹೇಳುವುದೆಲ್ಲ ಹೇಳಿದೆ. ಟೀ ಬೇಡ ಅಂದೆ, ಅವಳು ತಲೆಯಾಡಿಸಿದಳು. ವಾಕರಿಕೆ ಅಂದಳು, ಕಾಫಿ ಕುಡಿ ಅಂದೆ. ಆರು ವಾರ ಬಿಟ್ಟು ಮತ್ತೆ ಬೇಲೂರಿಗೆ ಹೋದರೆ ರಕ್ತ ಎಂಟೂಕಾಲಿಗೆ ಇಳಿದಿತ್ತು.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು, ಅದು ನಮ್ಮೂರಿಗೆಲ್ಲ ಗೊತ್ತು. ಮಾತ್ರೆ ಈಸಿಕೊಂಡು ಹೋಗಿ ತಿಪ್ಪೆಗೆ ಎಸೆಯುವವರನ್ನು ಬೇಕಾದಷ್ಟು ನೋಡಿದ್ದೆ. ಮಾತ್ರೆ ತಿಂದರೆ ಮಗು ಕಪ್ಪಗಾಗುತ್ತೆ ಅನ್ನುವವರು, ದಪ್ಪಗಾಗಿ ಹೆರಿಗೆ ಕಷ್ಟವಾಗುತ್ತೆ ಅನ್ನುವವರು, ಕೊಟ್ಟ ಮಾತ್ರೆಯನ್ನು ಗುಲಾಬಿ ಗಿಡದ ಬುಡಕ್ಕೆ ಹಾಕುವವರೂ ಇದ್ದಾರೆ. ಅವರ ಸಾಲಿಗೇ ಇವಳನ್ನೂ ಸೇರಿಸಿಬಿಟ್ಟೆ. ಬಸ್ಸಿಳಿದವಳೇ ನೇರ ಅವರ ಮನೆಗೆ ಹೋಗಿ, ಅತ್ತೆ ಎದುರಿಗೇ ಅವಳನ್ನು ನಿಲ್ಲಿಸಿಕೊಂಡು ಕೇಳಿದೆ.

"ನಿಜ ಹೇಳು, ಮಾತ್ರೆ ಎಲ್ಲಿ ಎಸೀತಿದ್ದೀಯಾ?"

"ಒಂದನ್ನೂ ಎಸೆದಿಲ್ಲ ಕಣಕ್ಕ," ಅಂದಳು.

ಒಳಗೆ ಹೋಗಿ ಮಾತ್ರೆಯ ಖಾಲಿ ಪಟ್ಟಿಗಳನ್ನು ತಂದು ತೋರಿಸಿದಳು. ಮಾತ್ರೆಯನ್ನು ತಿಪ್ಪೆ ಮೇಲೆ ಒತ್ತಿ ತೆಗೆದರೂ ಪಟ್ಟಿ ಖಾಲಿಯಾಗುತ್ತೆ ಅಂದೆ. ಹೊರಕಡೆಗೆ ಹೋದಾಗ ಕಪ್ಪಗೆ ಹೋಗುತ್ತೆ ಅಂತ, ನಾಚಿಕೊಂಡು, ಅತ್ತೆಗೆ ಕೇಳದ ಹಾಗೆ ಮೆಲ್ಲಗೆ ಹೇಳಿದಳು. ಕಬ್ಬಿಣದ ಮಾತ್ರೆ ನುಂಗಿದವರಿಗೆ ಹಾಗೇ ಆಗುವುದು. ನನಗೆ ಅದು ಚೆನ್ನಾಗಿ ಗೊತ್ತು, ನಾನೇ ಹತ್ತಾರು ಜನಕ್ಕೆ ಹೇಳಿದ್ದೇನೆ. ಆವತ್ತು ಅದೂ ಸುಳ್ಳು ಅನ್ನಿಸಿತು. ಯಾರ ಹತ್ತಿರವೋ ಕೇಳಿಕೊಂಡು ಹೇಳುತ್ತಿದ್ದಾಳೆ ಅಂದುಕೊಂಡೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅವಳ ಅತ್ತೆಗೆ ಅಷ್ಟು ಸಾಕಾಯಿತು. ನಾನೂ ಅವರನ್ನು ಅತ್ತೆ ಅಂತಲೇ ಕರೆಯುವುದು, ಊರಿನ ವರಸೆ ಹಾಗೆ. ಕೆಟ್ಟವರಲ್ಲ. ಕೈ ಧಾರಾಳ, ಬಾಯಿ ಅದಕ್ಕಿಂತ ಧಾರಾಳ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿಯಾಯಿತು. ಹಾಸನದಲ್ಲಿ ಅಷ್ಟು ಪಾಡು ಪಟ್ಟರೂ ಬುದ್ಧಿ ಬರಲಿಲ್ಲ, ಸರ್ಕಾರದೋರು ಕೊಟ್ಟ ಮಾತ್ರೆ ಎಸೀತಾಳೆ ಅಂತ. ಹಳೇಬೀಡಿನ ಬೀಗಿತಿಗೂ ಫೋನು ಹೋಯಿತು. ಆ ತಾಯಿ ಮಾರನೇ ದಿನವೇ ಬಸ್ಸು ಹಿಡಿದು ಬಂದು, ನನ್ನ ಮನೆ ಜಗಲಿಯಲ್ಲಿ ಕೂತು ಕಣ್ಣೀರು ಹಾಕಿದಳು. ನನ್ನ ಮಗಳು ಅಂಥೋಳಲ್ಲ ಕಣಮ್ಮ ಅಂದಳು. ಎಲ್ಲ ತಾಯಂದಿರೂ ಹೀಗೇ ಹೇಳುತ್ತಾರೆ ಅಂದುಕೊಂಡು, ಸರಿ ನೋಡೋಣ ಬಿಡಿ ಅಂತ ಕಳಿಸಿದೆ.

ಆಮೇಲೆ ನಾನೇ ಒಂದು ಏರ್ಪಾಡು ಮಾಡಿದೆ. ಮಾತ್ರೆಗಳನ್ನು ಅತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಬೆಳಿಗ್ಗೆ ನಾನು ಹೋದಾಗ ಒಂದು ತೆಗೆದುಕೊಡಬೇಕು. ಆ ಹುಡುಗಿ ನನ್ನ ಕಣ್ಣೆದುರಿಗೇ ನುಂಗಬೇಕು. ನುಂಗಿ ಬಾಯಿ ತೆರೆದು ತೋರಿಸಬೇಕು. ಹೀಗೆ ಎರಡು ತಿಂಗಳು ನಡೆಯಿತು. ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಹೋದೆ. ಅವಳು ಮಾತ್ರೆ ನುಂಗುವುದಕ್ಕೂ ಅತ್ತೆ ಒಳಗಿಂದ ಎರಡು ಲೋಟ ಕಾಫಿ ತರುವುದಕ್ಕೂ ಸರಿಹೋಗುತ್ತಿತ್ತು. ಬಂದವರನ್ನು ಒಬ್ಬರೇ ಕುಡಿಯಲು ಬಿಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಒಂದು ಲೋಟ ನನಗೆ, ಒಂದು ಅವಳಿಗೆ. ಅವಳು ಬೇಡ ಅಂತ ಕೈ ಆಡಿಸಿದ ದಿನವೂ, ಕುಡಿ ಕುಡಿ, ಮಾತ್ರೆ ಒಳಗಿಳಿಯಲಿ ಅಂತ ನಾನೇ ಬಲವಂತ ಮಾಡುತ್ತಿದ್ದೆ. ಅವಳು ಬಾಯಿ ತೆರೆದು ತೋರಿಸುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಗೋಡೆ ನೋಡುತ್ತಿದ್ದಳು.

ಏಳನೇ ತಿಂಗಳು ತುಂಬುವ ಹೊತ್ತಿಗೆ ಮೂರನೇ ಸಲ ಬೇಲೂರಿಗೆ ಹೋದೆವು. ಈ ಸಲ ನನಗೆ ಧೈರ್ಯವಿತ್ತು. ಚೀಟಿ ಕೈಗೆ ಬಂದಾಗ ಎರಡೆರಡು ಸಲ ಓದಿದೆ. ಏಳೂವರೆ. ನಾನು ಕಾವಲು ಕೂತ ಎರಡು ತಿಂಗಳಲ್ಲೇ ಇನ್ನೂ ಇಳಿದಿತ್ತು.

ಡಾಕ್ಟರಮ್ಮ ಮಾತ್ರೆ ಸರಿಯಾಗಿ ತಗೊಳ್ತಿದ್ದಾರಾ ಅಂತ ಕೇಳಿದರು. ನಾನು ಕೊಂಚ ಗರ್ವದಿಂದಲೇ ಹೇಳಿದೆ. ದಿನಾ ನನ್ನ ಎದುರಿಗೇ ಮೇಡಂ, ಟೀ ಮುಟ್ಟಿಸಿಲ್ಲ, ವಾಕರಿಕೆ ಬರದೇ ಇರಲಿ ಅಂತ ಕಾಫಿ ಜೊತೆ ನುಂಗಿಸ್ತಿದ್ದೀನಿ ಅಂದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಟೀ ಆದ್ರೇನು, ಕಾಫಿ ಆದ್ರೇನು ಕಣ್ರೀ? ಎರಡೂ ಒಂದೇ ಕೆಲಸ ಮಾಡೋದು," ಅಂದರು.

ಆಮೇಲೆ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಬಿಡಿಸಿ ಹೇಳಿದರು. ರಾಗಿಯಲ್ಲಿ ಕಬ್ಬಿಣ ಇದೆ, ಸೊಪ್ಪಿನಲ್ಲೂ ಇದೆ. ಇರುವುದಷ್ಟೂ ಮೈಗೆ ಹತ್ತುವುದಿಲ್ಲ, ಕಾಳಿನಲ್ಲೇ ಇರುವ ಒಂದು ಅಂಶ ಅದನ್ನು ಹಿಡಿದುಕೊಂಡಿರುತ್ತದೆ. ಜೊತೆಗೆ ನಿಂಬೆ, ನೆಲ್ಲಿಕಾಯಿ, ಸೀಬೆಯಂಥದ್ದು ತಿಂದರೆ ಬಿಟ್ಟುಕೊಡುತ್ತದೆ, ಕಾಫಿಯೋ ಟೀಯೋ ಬಿದ್ದರೆ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಮಾತ್ರೆಯದೂ ಹೆಚ್ಚು ಕಡಿಮೆ ಅದೇ ಹಣೆಬರಹ. ಕಾಫಿ ಒಂದೇ ಕಾರಣ ಅಂತಲ್ಲ, ಹೊಟ್ಟೆಯೊಳಗೆ ಮಗು ಬೆಳೆಯುತ್ತಿದೆ, ಮೊದಲೇ ರಕ್ತ ಕಳೆದುಕೊಂಡ ಮೈ, ಮೂರು ಹೊತ್ತೂ ಬರೀ ಮುದ್ದೆ. ಆದರೂ ಕೊಟ್ಟದ್ದರಲ್ಲಿ ಬಹುಪಾಲು ಹೊರಕ್ಕೇ ಹೋಗಿದೆ ಅಂದರು. ಅವಳು ನಾಚಿಕೊಂಡು ಹೇಳಿದ್ದಳಲ್ಲ, ಕಪ್ಪಗೆ ಹೋಗುತ್ತೆ ಅಂತ, ಅದು ನೆನಪಾಯಿತು.

ಆ ಹುಡುಗಿ ಪಕ್ಕದ ಬೆಂಚಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಎರಡು ತಿಂಗಳಾದ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು. ವಾಪಸು ಬರುವ ಬಸ್ಸಿನಲ್ಲಿ ಸೀಟು ಇರಲಿಲ್ಲ, ಯಾರೋ ಎದ್ದು ಅವಳಿಗೆ ಜಾಗ ಕೊಟ್ಟರು. ನಾನು ಕಂಬಿ ಹಿಡಿದು ಅವಳ ಪಕ್ಕದಲ್ಲೇ ನಿಂತಿದ್ದೆ. ತಪ್ಪಾಯ್ತು ಕಣೇ ಅನ್ನುವ ಎರಡು ಮಾತಿಗೆ ಗೆಂಡೆಹಳ್ಳಿ ಬರುವವರೆಗೂ ನಾಲಗೆ ಹೊರಳಲಿಲ್ಲ.

ಮನೆಗೆ ಬಂದ ಮೇಲಾದರೂ ಹೇಳಿದೆನೇ? ಇಲ್ಲ. ಅತ್ತೆ ಬಾಗಿಲಲ್ಲೇ ನಿಂತು ಏನಂದ್ರು ಅಂತ ಕೇಳಿದಾಗ, ಮಾತ್ರೆ ಸಾಲಲ್ಲವಂತೆ, ಕೈಗೆ ಸೂಜಿ ಚುಚ್ಚಿ ಕಬ್ಬಿಣದ ಔಷಧಿ ಹಾಕ್ತಾರಂತೆ ಅಂದೆ. ಕಾಫಿ ಕುಡಿಯಬಾರದು ಅಂತ ಹೊಸದಾಗಿ ಹೇಳುತ್ತಿದ್ದಾರೆ ಅಂದೆ. ಹೊಸದಾಗಿ! ನನ್ನ ಬಾಯಿಂದ ಆ ಮಾತು ಎಷ್ಟು ಸಲೀಸಾಗಿ ಬಂತು ಅಂತ ನನಗೇ ಆಶ್ಚರ್ಯ. ಹುಡುಗಿ ನನ್ನ ಹಿಂದೆಯೇ ಚಪ್ಪಲಿ ಬಿಡುತ್ತಿದ್ದಳು. ಅವಳು ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿದರೆ ಆ ಮನೆಯಲ್ಲಿ ಯಾರು ನಂಬುತ್ತಿದ್ದರು? ಅವಳ ಮಾತಿಗೆ ಬೆಲೆ ಇಲ್ಲದ ಹಾಗೆ ಮಾಡಿದ್ದವಳು ನಾನೇ.

ಆಮೇಲಿನ ಎರಡು ತಿಂಗಳು ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಔಷಧಿ ಹಾಕಿಸಲು ಐದು ಸಲ ಬೇಲೂರಿಗೆ ಹೋಗಿ ಬಂದೆವು. ಮಂಚದ ಮೇಲೆ ಅವಳು, ಪಕ್ಕದ ಸ್ಟೂಲಿನ ಮೇಲೆ ನಾನು. ಬಾಟಲಿಯಿಂದ ಕೆಂಗಂದು ಬಣ್ಣದ ನೀರು ತೊಟ್ಟು ತೊಟ್ಟಾಗಿ ಇಳಿಯುವುದನ್ನು ನೋಡುತ್ತಾ ತೂಕಡಿಸುತ್ತಿದ್ದೆ. ಮನೆಯಲ್ಲಿ ಅಡುಗೆಯ ಪಂಚಾಯಿತಿ ಬೇರೆ. ರಾಗಿಯನ್ನು ನೆನೆಸಿ, ಬಟ್ಟೆ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡಿಸಿದರೆ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದರು. ಅತ್ತೆ ಆ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋಗಿ, ಅದು ಗಟ್ಟಿಯಾಗದೆ ತಟ್ಟೆಯಲ್ಲಿ ಹರಡಿಕೊಂಡಿತು. ಇದೇನು ಮುದ್ದೆನೋ ಅಂಟೋ, ನಾಯಿನೂ ಮೂಸಲ್ಲ ಅಂತ ನನ್ನನ್ನು ತರಾಟೆಗೆ ತೆಗೆದುಕೊಂಡರು. ಗಂಜಿ ಮಾಡಿ, ರೊಟ್ಟಿ ತಟ್ಟಿ ಅಂತ ಸಮಾಧಾನ ಹೇಳಿದೆ. ಸೀಬೆಹಣ್ಣು ಬಸುರಿಗೆ ಶೀತ, ನಿಂಬೆಹಣ್ಣು ತಿಂದರೆ ಮಗುವಿಗೆ ಕೆಮ್ಮು ಅಂತ ಇನ್ನೊಂದು ತಕರಾರು. ಕೊನೆಗೆ ನಾನೇ ದಿನಾ ಊಟದ ಹೊತ್ತಿಗೆ ಹೋಗಿ ಅವಳ ಸಾರಿಗೆ ನಿಂಬೆಹೋಳು ಹಿಂಡಿ, ಎರಡು ನೆಲ್ಲಿಕಾಯಿ ಕೈಯಲ್ಲಿಟ್ಟು ಬರುತ್ತಿದ್ದೆ. ಕಾಫಿ ಬೇಡ ಅಂದಾಗಲೆಲ್ಲ ಅತ್ತೆಯ ಮುಖ ಊದುತ್ತಿತ್ತು.

ಉಳಿದ ಮನೆಗಳ ಕಥೆ ಇನ್ನೊಂದು. ಮಾತ್ರೆ ತಿನ್ನುವವರ ಮನೆಗೆಲ್ಲ ಮತ್ತೊಂದು ಸುತ್ತು ಹೋಗಿ, ಮಾತ್ರೆ ಜೊತೆ ಕಾಫಿಯೂ ಕೂಡದು, ಒಂದೆರಡು ಗಂಟೆ ಬಿಟ್ಟು ಕುಡಿಯಿರಿ ಅಂತ ಹೇಳಿಕೊಂಡು ಬಂದೆ. ನೀನೇ ಕುಡೀರಿ ಅಂದಿದ್ದಲ್ಲ ಅಂತ ಒಬ್ಬಳು ಕೇಳಿದಳು. ಆಗಿನ ರೂಲ್ಸು ಹಾಗಿತ್ತು, ಈಗ ಬದಲಾಗಿದೆ ಅಂದೆ. ಈ ಹದಿನೈದು ವರ್ಷದಲ್ಲಿ ನನ್ನ ಮಾತು ಕೇಳಿ ಮಾತ್ರೆ ನುಂಗಿ, ಕಾಫಿ ಕುಡಿದು, ಸುಸ್ತು ಸುಸ್ತು ಅನ್ನುತ್ತಲೇ ಹೆತ್ತವರು ಎಷ್ಟು ಜನವೋ. ಅವರಿಗೆಲ್ಲ ನಾನು, ನೀವು ಸರಿಯಾಗಿ ತಿನ್ನಲ್ಲ ಅಂತ ಗದರಿದ್ದೆ. ಹಾದಿಯಲ್ಲಿ ನಡೆಯುವಾಗ ಒಂದೊಂದೇ ಮುಖ ನೆನಪಾಗುತ್ತಿತ್ತು.

ಒಂಬತ್ತನೇ ತಿಂಗಳಲ್ಲಿ ಅವಳ ರಕ್ತ ಹತ್ತು ದಾಟಿತು. ಡಾಕ್ಟರಮ್ಮ ಇನ್ನು ಹೆದರಬೇಡಿ ಅಂದರು. ನಾನು ಹೆದರುವುದನ್ನು ಬಿಡಲಿಲ್ಲ. ನೋವು ಬಂದ ದಿನ ಬೆಳಿಗ್ಗೆಯಿಂದ ಬೇಲೂರಿನ ಆಸ್ಪತ್ರೆಯ ಹೊರಗೆ ಕೂತಿದ್ದೆ. ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ಮಗು ನೋಡುವುದಕ್ಕಿಂತ ಮೊದಲು ನರ್ಸನ್ನು ಹಿಡಿದು ರಕ್ತ ಹೋಯ್ತಾ ಅಂತ ಕೇಳಿದೆ. ಎಲ್ಲರಿಗೂ ಹೋಗೋವಷ್ಟೇ ಹೋಯ್ತು ಕಣ್ರೀ ಅಂದಳು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಹತ್ತು ದಿನ ಕಳೆದು ಮಗುವಿನ ತೂಕ ನೋಡಲು ಅವರ ಮನೆಗೆ ಹೋದೆ. ನಡುಮನೆಯಲ್ಲಿ ಬೀದಿಯ ನಾಲ್ಕೈದು ಹೆಂಗಸರು ಕೂತಿದ್ದರು, ಹಳೇಬೀಡಿನ ತಾಯಿಯೂ ಬಂದಿದ್ದಳು. ಬಾಣಂತಿ ಒಳಗಿನ ಕೋಣೆಯಲ್ಲಿ ಮಗು ಪಕ್ಕ ಮಲಗಿದ್ದಳು, ಬಾಗಿಲು ತೆರೆದೇ ಇತ್ತು. ಅತ್ತೆ ನನ್ನ ಕೈಗೆ ಕಾಫಿ ಲೋಟ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಇವಳು ಮಾತ್ರೆಯೆಲ್ಲಾ ಎಸೆದು ಕುಂತಿದ್ಲು ಕಣ್ರವ್ವ. ಈಯಮ್ಮ ಹಿಡಿದು ಹಾಕಿ ಉಳಿಸಿಕೊಟ್ಲು. ಇಲ್ದಿದ್ರೆ ಇವತ್ತು ನಮ್ಮನೇಲಿ ಏನಾಯ್ತಿತ್ತೋ."

ಹೆಂಗಸರೆಲ್ಲ ಹೌದು ಹೌದು ಅಂದರು. ಹಳೇಬೀಡಿನ ತಾಯಿ ತಲೆ ತಗ್ಗಿಸಿ ಸೆರಗಿನ ಅಂಚನ್ನು ಸುತ್ತುತ್ತಿದ್ದಳು. ಲೋಟ ಕೈ ಸುಡುತ್ತಿತ್ತು. ಸುಮ್ಮನೆ ಕುಡಿದು, ತೂಕ ಬರೆದುಕೊಂಡು ಎದ್ದು ಬರಬಹುದಾಗಿತ್ತು. ಅಷ್ಟು ತಿಂಗಳು ಅದನ್ನೇ ತಾನೆ ಮಾಡಿದ್ದು. ನನಗೆ ಸುಳ್ಳು ಹೊತ್ತು ಹೊತ್ತು ಸಾಕಾಗಿಹೋಗಿತ್ತು. ಲೋಟ ಕೆಳಗಿಟ್ಟೆ.

"ಇಲ್ಲ ಅತ್ತೆ. ಅವಳು ಒಂದು ಮಾತ್ರೇನೂ ಎಸೆದಿರಲಿಲ್ಲ. ಕಾಫಿ ಜೊತೆ ನುಂಗು ಅಂತ ಹೇಳಿಕೊಟ್ಟೋಳು ನಾನು. ಅದಕ್ಕೇ ಅವಳ ರಕ್ತ ಏರಲಿಲ್ಲ. ಅವಳು ನಿಜ ಹೇಳಿದ್ಲು, ನಾನೇ ನಂಬಲಿಲ್ಲ."

ಅತ್ತೆ ನನ್ನನ್ನೂ ಲೋಟವನ್ನೂ ನೋಡಿದರು. ಹಂಗಾದ್ರೆ ಆಗ್ಲೇ ಯಾಕೆ ಹೇಳ್ಲಿಲ್ಲ ಅಂತ ಕೇಳಿದರು. ಹೆದರಿಕೊಂಡೆ, ನನ್ನ ಮರ್ಯಾದೆ ಹೋಗುತ್ತೆ ಅಂತ ಹೆದರಿಕೊಂಡೆ ಅಂದೆ. ಹಳೇಬೀಡಿನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ನೋಡದೆ ಎದ್ದು ಹಿತ್ತಿಲಿಗೆ ಹೋದಳು. ಅತ್ತೆ ಬೀಗಿತಿಯ ಹಿಂದೆಯೇ ಹೋದರು. ಅಲ್ಲಿ ಅವರಿಬ್ಬರೂ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ.

ಒಳಗಿನಿಂದ ಅಕ್ಕ ಅಂತ ಕರೆದದ್ದು ಕೇಳಿಸಿತು. ಹೋದೆ. ಮಗು ಮಲಗಿತ್ತು. ಹುಡುಗಿ ಹಾಸಿಗೆಯ ತಲೆದೆಸೆಗೆ ಕೈ ಹಾಕಿ ಒಂದು ಹಳೇ ಬಟ್ಟೆಯ ಗಂಟನ್ನು ಎಳೆದು ನನ್ನ ಮುಂದೆ ಬಿಚ್ಚಿದಳು. ಮಾತ್ರೆಯ ಖಾಲಿ ಪಟ್ಟಿಗಳು. ನಾನು ಮೊದಲ ಸಲ ಕೊಟ್ಟದ್ದರಿಂದ ಹಿಡಿದು, ಬೀರುವಿನಲ್ಲಿಟ್ಟು ಬೀಗ ಹಾಕಿಸಿದ್ದವೂ ಸೇರಿ ಎಲ್ಲವೂ ಇದ್ದವು. ಮಡಿಕೆ ಬಿಡಿಸಿ, ಒಂದರ ಮೇಲೊಂದು ಜೋಡಿಸಿ, ದಾರ ಕಟ್ಟಿದ್ದಳು. ಒಂದು ವೇಳೆ ತಾನು ಉಳಿಯದೇ ಹೋದರೆ ತನ್ನಮ್ಮನ ಕೈಗೆ ಸಿಗಲಿ ಅಂತ ಇಟ್ಟುಕೊಂಡಿದ್ದಳಂತೆ. ಬೇಸರವಿಲ್ಲದೆ, ಕೋಪವಿಲ್ಲದೆ, ಅಡುಗೆ ವಿಷಯ ಹೇಳುವ ಹಾಗೆ ಹೇಳಿದಳು.

"ಇವನ್ನೀಗ ಎಸೀಬೋದಾ ಅಕ್ಕ?"

ಕೊಡು, ನಾನೇ ಎಸೀತೀನಿ ಅಂದೆ. ಗಂಟನ್ನು ಮತ್ತೆ ಕಟ್ಟಿ ನನ್ನ ಚೀಲದೊಳಗೆ, ರಿಜಿಸ್ಟರಿನ ಪಕ್ಕದಲ್ಲಿ ಇಟ್ಟುಕೊಂಡೆ. ಇವತ್ತಿಗೂ ಮನೆ ಮನೆ ತಿರುಗುವಾಗ ಅದು ಚೀಲದಲ್ಲೇ ಇರುತ್ತದೆ. ಎಸೆಯುವುದಕ್ಕೆ ಕೈ ಬಂದಿಲ್ಲ.